ಬೀರುವಿನಲ್ಲಿರೋ ಲೈಕಾ, ಬೀದಿಯಲ್ಲಿರೋ ಕೆ1000

ಮೊದಲೇ ಹೇಳಿಬಿಡ್ತೀನಿ, ಲೈಕಾ ಮೇಲೆ ನನಗೆ ಯಾವ ದ್ವೇಷವೂ ಇಲ್ಲ. 1954ರಲ್ಲಿ ಬಂದ ಎಂ3 ಅದ್ಭುತ ಯಂತ್ರ, ಒಪ್ಪಿದೆ. ನನ್ನ ಜಗಳ ಏನಿದ್ದರೂ ಅದನ್ನ ಗಾಜಿನ ಬೀರುವಿನಲ್ಲಿಟ್ಟು ಬೀಗ ಹಾಕೋ ಭಕ್ತರ ಜೊತೆ.

ಈ ಭಕ್ತರನ್ನ ನೀವೂ ನೋಡಿರ್ತೀರಿ. "ಫಿಲ್ಮ್ ಕ್ಯಾಮೆರಾ ಕಲೀಬೇಕು, ಯಾವುದು ತಗೊಳ್ಳಲಿ ಸಾರ್?" ಅಂತ ಕಾಲೇಜು ಹುಡುಗ ಕೇಳಿದರೆ ಸಾಕು, "ಲೈಕಾ, ಅದಾಗದಿದ್ರೆ ಹ್ಯಾಸೆಲ್‌ಬ್ಲಾಡ್, ಮಿಕ್ಕಿದ್ದೆಲ್ಲ ಆಟಿಕೆ" ಅಂತ ತೀರ್ಪು ಕೊಡ್ತಾರೆ. ಹುಡುಗ ಬೆಲೆ ಕೇಳಿ, ಕೈ ಮುಗಿದು, ಮೊಬೈಲಿಗೆ ವಾಪಸಾಗ್ತಾನೆ. ತೀರ್ಪು ಕೊಟ್ಟವರನ್ನ "ಹೋದ ವರ್ಷ ಎಷ್ಟು ರೋಲ್ ತೆಗೆದ್ರಿ ಸ್ವಾಮೀ?" ಅಂತ ಕೇಳಿ ನೋಡಿ. ಮಾತು ಥಟ್ಟನೆ ಸೀರಿಯಲ್ ನಂಬರ್ ಕಡೆ ತಿರುಗುತ್ತೆ.

ತಮಾಷೆ ಅಂದ್ರೆ, ಇವರೆಲ್ಲ ಹೆಸರು ಹೇಳೋ ಕಾರ್ತಿಯೇ ಬ್ರೆಸಾನ್ ಲೈಕಾ ಹಿಡಿದಿದ್ದು ಅದು ಚಿಕ್ಕದು, ಬೀದಿಯಲ್ಲಿ ಯಾರ ಕಣ್ಣಿಗೂ ಬೀಳಲ್ಲ ಅನ್ನೋ ಕಾರಣಕ್ಕೆ. ಅದರ ಹೊಳಪು ಕಾಣಬಾರದು ಅಂತ ಆತ ಕಪ್ಪು ಟೇಪು ಅಂಟಿಸಿಕೊಳ್ತಿದ್ದ. ನಮ್ಮವರು ಅದೇ ಹೊಳಪನ್ನ ಮೆತ್ತನೆ ಬಟ್ಟೆಯಲ್ಲಿ ಉಜ್ಜುತ್ತಾ ಕೂತಿದ್ದಾರೆ.

ಹಳೇ ಕ್ಯಾಮೆರಾ ಅಳೆಯೋಕೆ ನಾನು ಕೇಳೋ ಪ್ರಶ್ನೆ ಮೂರೇ. ಬ್ಯಾಟರಿ ಸತ್ತಾಗಲೂ ಷಟರ್ ಬಡಿಯುತ್ತಾ? ಕೆಟ್ಟರೆ ರಿಪೇರಿ ಮಾಡೋಕಾಗುತ್ತಾ? ಸಂತೆಗೆ, ಜಾತ್ರೆಗೆ, ನೂಕುನುಗ್ಗಲಿಗೆ ಎದೆ ನಡುಗದೆ ಒಯ್ಯಬಹುದಾ?

ಈ ಮೂರಕ್ಕೂ ಹೌದು ಅನ್ನೋದು ಪೆಂಟಾಕ್ಸ್ ಕೆ1000. 1976ರಿಂದ 1997ರವರೆಗೆ, ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಇದು ತಯಾರಾಯ್ತು. ಮೂವತ್ತು ಲಕ್ಷದ ಸುಮಾರು ಮಾರಾಟ ಆಯ್ತು. ಅದರಲ್ಲಿ ಏನಿದೆ ಅನ್ನೋದಕ್ಕಿಂತ ಏನಿಲ್ಲ ಅನ್ನೋ ಪಟ್ಟಿಯೇ ಉದ್ದ. ಸೆಲ್ಫ್ ಟೈಮರ್ ಇಲ್ಲ. ಮೀಟರಿಗೆ ಆಫ್ ಸ್ವಿಚ್ಚೂ ಇಲ್ಲ, ಲೆನ್ಸಿಗೆ ಮುಚ್ಚಳ ಹಾಕಿದರೆ ಅದೇ ಆಫ್! ಒಳಗೊಂದು ಮುಳ್ಳು ಮೇಲೆ ಕೆಳಗೆ ಆಡುತ್ತೆ, ಅದನ್ನ ನಡುವಿಗೆ ತಂದು ಕ್ಲಿಕ್ಕಿಸಬೇಕು. ಬ್ಯಾಟರಿ ಬೇಕಿರೋದು ಆ ಮುಳ್ಳಿಗೆ ಮಾತ್ರ. ಬೆಳಕು, ಅಪರ್ಚರ್, ಷಟರ್ ವೇಗ ಒಂದಕ್ಕೊಂದು ಹೇಗೆ ಗಂಟುಬಿದ್ದಿವೆ ಅಂತ ಎರಡೇ ರೋಲಿನಲ್ಲಿ ಕೈಗೆ ಗೊತ್ತಾಗುತ್ತೆ. ಮೇಷ್ಟ್ರಾಗೋಕೆ ಇದಕ್ಕಿಂತ ಯೋಗ್ಯ ಕ್ಯಾಮೆರಾ ನಾನು ಕಂಡಿಲ್ಲ.

ಸ್ವಲ್ಪ ಹೆಚ್ಚು ದುಡ್ಡಿದ್ದರೆ 1982ರ ನಿಕಾನ್ ಎಫ್‌ಎಂ2. ಸೆಕೆಂಡಿನ ನಾಲ್ಕು ಸಾವಿರದಲ್ಲೊಂದು ಭಾಗದಷ್ಟು ವೇಗ, ಅದೂ ಬರೀ ಸ್ಪ್ರಿಂಗು, ಹಲ್ಲುಚಕ್ರಗಳ ಬಲದಲ್ಲಿ.

ಅದೇ 1976ರಲ್ಲೇ ಬಂದ ಕ್ಯಾನನ್ ಎಇ-1 ಅಭಿಮಾನಿಗಳು ಈಗ ಮುನಿಸಿಕೊಳ್ತಾರೆ. ಮುನಿಸಿಕೊಳ್ಳಲಿ. ಮೈಕ್ರೋಪ್ರೊಸೆಸರ್ ಇಟ್ಟ ಮೊದಲ ಎಸ್‌ಎಲ್‌ಆರ್ ಅನ್ನೋ ಹೆಗ್ಗಳಿಕೆ ಅದಕ್ಕಿದೆ, ಲೆನ್ಸುಗಳೂ ಚೆನ್ನ. ಆದರೆ ಬ್ಯಾಟರಿ ಇಲ್ಲದಿದ್ದರೆ ಅದೊಂದು ಇಟ್ಟಿಗೆ. ವಯಸ್ಸಾದ ಮೇಲೆ ಎಣ್ಣೆ ಒಣಗಿ ಕನ್ನಡಿ ಏಳುವಾಗ ಕೀಂಯ್ ಅಂತ ಅರಚುತ್ತೆ ಬೇರೆ. ಇನ್ನು ಕಾಂಟಾಕ್ಸ್ ಟಿ2 ಕಥೆ ಕೇಳಲೇಬೇಡಿ. ಸಿನಿಮಾ, ಫ್ಯಾಷನ್ ಮಂದಿ ಕೈಯಲ್ಲಿ ಕಾಣಿಸಿದ್ದೇ ತಡ, ಬೆಲೆ ಆಕಾಶಕ್ಕೇರಿತು. ಒಳಗಿನ ಎಲೆಕ್ಟ್ರಾನಿಕ್ಸ್ ಸುಟ್ಟರೆ ಬಿಡಿಭಾಗ ಎಲ್ಲಿಂದ ತರ್ತೀರಿ?

ಇನ್ನೊಂದು ಹೆಸರು ಹೇಳಿದರೆ ಭಕ್ತರು ಮೂಗು ಮುರೀತಾರೆ: ಆಗ್ಫಾ ಕ್ಲಿಕ್-3. ಬರೋಡಾದಲ್ಲಿ ತಯಾರಾಗಿ ದೇಶದ ಮೂಲೆಮೂಲೆ ತಲುಪಿದ ಪ್ಲಾಸ್ಟಿಕ್ ಡಬ್ಬಿ. 120 ಫಿಲ್ಮಿನಲ್ಲಿ ಹನ್ನೆರಡು ಚೌಕ ಚಿತ್ರ. ಅಂಚಿನಲ್ಲಿ ಮಸುಕಾಗುತ್ತೆ, ನಿಜ. ಆದರೆ ನಿಮ್ಮ ಮನೆಯ ಹಳೇ ಆಲ್ಬಮ್ಮಿನಲ್ಲಿ ಅಜ್ಜಿ ತುಳಸಿಕಟ್ಟೆ ಮುಂದೆ ನಿಂತ ಚೌಕ ಫೋಟೋ ಇದ್ದರೆ, ಅದು ಇಂಥದ್ದೇ ಒಂದು ಡಬ್ಬಿಯ ಕೃಪೆ ಇರಬಹುದು. ನಮ್ಮ ಜನರ ಮುಖ ಉಳಿಸಿದ ಕ್ಯಾಮೆರಾ ಕ್ಲಾಸಿಕ್ ಅಲ್ಲ ಅಂದ್ರೆ ಇನ್ಯಾವುದು?

"ನಾವು ಪರಂಪರೆ ಉಳಿಸ್ತಿದ್ದೀವಿ" ಅಂತಾರೆ ಸಂಗ್ರಹಕಾರರು. ಮ್ಯೂಸಿಯಮ್ಮಿಗೆ ಒಂದಷ್ಟು ಬೇಕು, ಸರಿ. ಎಂ3 ಒಂದೇ ಎರಡು ಲಕ್ಷಕ್ಕೂ ಹೆಚ್ಚು ತಯಾರಾಗಿದೆ, ಅಷ್ಟನ್ನೂ ಪೂಜೆ ಮಾಡ್ತೀರಾ? ಅದಿರಲಿ, ಬೀರುವಿನಲ್ಲಿಟ್ಟರೆ ಕ್ಯಾಮೆರಾ ಉಳಿಯುತ್ತೆ ಅನ್ನೋದೇ ಸುಳ್ಳು. ಕೂತಲ್ಲೇ ಕೂತ ಯಂತ್ರದಲ್ಲಿ ಎಣ್ಣೆ ಗಟ್ಟಿಯಾಗುತ್ತೆ, ಸೆಕೆಂಡಿನಷ್ಟು ನಿಧಾನದ ವೇಗಗಳು ಮೊದಲು ಸಾಯ್ತವೆ. ಬೆಳಕು ತಡೆಯೋ ಸ್ಪಂಜು ಅಂಟಾಗಿ ಕರಗುತ್ತೆ. ಮರೆತ ಬ್ಯಾಟರಿ ಸೋರಿ ತಾಮ್ರ ತಿನ್ನುತ್ತೆ. ಮಲೆನಾಡು, ಕರಾವಳಿಯ ಮಳೆಗಾಲದಲ್ಲಂತೂ ಚರ್ಮದ ಕೇಸಿನೊಳಗೆ ಮುಚ್ಚಿಟ್ಟ ಲೆನ್ಸಿಗೆ ಬೂಷ್ಟು ಹಿಡಿಯೋದು ಖಾತ್ರಿ. ಅದು ಗಾಜಿನ ಮೇಲಿನ ಲೇಪವನ್ನೇ ತಿಂದರೆ ಯಾವ ಒರೆಸುವಿಕೆಗೂ ವಾಪಸ್ ಬರಲ್ಲ. ಗಾಳಿ ಬೆಳಕು ಕಂಡ ಲೆನ್ಸು, ಆಗಾಗ ಬಡಿದ ಷಟರ್ ಇವೇ ಬದುಕೋದು.

ಇದಕ್ಕಿಂತ ದೊಡ್ಡ ನಷ್ಟ ಇನ್ನೊಂದಿದೆ. ಬೆಂಗಳೂರಿನಲ್ಲಿ ನಾನು ಕ್ಯಾಮೆರಾ ಒಯ್ಯೋ ಮೆಕ್ಯಾನಿಕ್ ಒಬ್ಬರಿದ್ದಾರೆ. ಷಟರ್ ಸದ್ದು ಕಿವಿಯಲ್ಲಿ ಕೇಳಿಯೇ ವೇಗ ತಪ್ಪಿದ್ದು ಹೇಳಬಲ್ಲವರು. "ಜನ ಬರ್ತಾರೆ ಸಾರ್, ಆದ್ರೆ ಇದಕ್ಕೆಷ್ಟು ಬರುತ್ತೆ ಅಂತ ಬೆಲೆ ಕೇಳೋಕೆ. ಬಿಚ್ಚಿ ಸರಿ ಮಾಡಿ ಅನ್ನೋರು ಎಲ್ಲಿದ್ದಾರೆ?" ಅಂತಾರೆ. ಅವರ ಹತ್ತಿರ ಕೆಲಸ ಕಲೀತಿರೋರು ಯಾರೂ ಇಲ್ಲ. ಓಡದ ಕ್ಯಾಮೆರಾಗೆ ರಿಪೇರಿ ಬೇಡ, ರಿಪೇರಿ ಇಲ್ಲದ ಊರಲ್ಲಿ ಹೊಸಬರು ಫಿಲ್ಮಿಗೆ ಬರಲ್ಲ, ಕೊಳ್ಳೋರಿಲ್ಲದಿದ್ದರೆ ಅಂಗಡಿಯವನು ಫಿಲ್ಮ್ ತರಿಸಲ್ಲ, ಲ್ಯಾಬಿನವನು ಕೆಮಿಕಲ್ ಕಲಸಲ್ಲ. ಊಟಿಯ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್‌ನವರ 'ಇಂದು' ಹೋದ ಮೇಲೆ ನಾವು ಬಳಸೋದೆಲ್ಲ ಪರದೇಶದ ಫಿಲ್ಮು. ಬೇಡಿಕೆ ಇದ್ದಷ್ಟೇ ಬರುತ್ತೆ.

ಹಾಗಾಗಿ ಈ ಭಾನುವಾರ ಬೀರು ತೆಗೀರಿ. ಬ್ಯಾಟರಿ ಮುಚ್ಚಳ ಬಿಚ್ಚಿ ಒಳಗೆ ಹಸಿರು ಕಿಲುಬು ಇದೆಯಾ ನೋಡಿ. ಒಂದೊಂದು ವೇಗದಲ್ಲೂ ಹತ್ತು ಸಲ ಷಟರ್ ಬಡೀರಿ. ಒಂದು ರೋಲ್ ಹಾಕಿ ಹೊರಗೆ ಹೋಗಿ. ಟೈಮಿಲ್ಲ ಅನ್ನೋದಾದ್ರೆ ಆಸೆ ಇರೋ ಪಕ್ಕದ ಮನೆ ಹುಡುಗಿಗೆ ಕೊಡಿ. ಮಾರೋದಾದ್ರೂ ಫಿಲ್ಮ್ ಹಾಕೋರಿಗೇ ಮಾರಿ. ಇದನ್ನ ಓದಿ ನನ್ನನ್ನ ಬೈಯೋದಿದ್ದರೆ ಧಾರಾಳವಾಗಿ ಬೈಯಿರಿ, ಆದರೆ ಬೈಗುಳದ ಜೊತೆ ನಿಮ್ಮ ಲೈಕಾದಲ್ಲಿ ಈ ವರ್ಷ ತೆಗೆದ ಒಂದೇ ಒಂದು ಫೋಟೋನೂ ಕಳಿಸಿ.