ಪರೀಕ್ಷೆಯ ಫೀಸು ಯಾರ ಜೇಬಿನಿಂದ?

2021ರ ಜನವರಿ 31ರಂದು ಮೈಕ್ರೋಸಾಫ್ಟ್ ತನ್ನ ಸರ್ವರ್ ತಂತ್ರಾಂಶ ಬಲ್ಲವರಿಗೆ ಕೊಡುತ್ತಿದ್ದ ಎಂಸಿಎಸ್‌ಇ ಸರ್ಟಿಫಿಕೇಟನ್ನು ನಿಲ್ಲಿಸಿತು. ಕೊರೊನಾ ಗದ್ದಲದ ನಡುವೆ ಆ ಸುದ್ದಿ ಹೆಚ್ಚಿನವರ ಕಿವಿಗೆ ಬೀಳಲಿಲ್ಲ. ತೊಂಬತ್ತರ ದಶಕದ ಕೊನೆಗೆ ಬೆಂಗಳೂರಿನಲ್ಲೋ ಹೈದರಾಬಾದಿನ ಅಮೀರ್‌ಪೇಟೆಯಲ್ಲೋ ಕಂಪ್ಯೂಟರ್ ಕ್ಲಾಸಿಗೆ ಅಲೆದವರಿಗೆ ಮಾತ್ರ ಅದು ಸಣ್ಣ ಸುದ್ದಿಯಾಗಿರಲಿಲ್ಲ. ಎಂಸಿಎಸ್‌ಇ ಎಂದರೆ ಆಗ ವೀಸಾದ ಕನಸು, ವಿಸಿಟಿಂಗ್ ಕಾರ್ಡಿನಲ್ಲಿ ಹೆಸರಿನ ಪಕ್ಕ ಅಚ್ಚಾಗುವ ಬಿರುದು. ಅಂಥದ್ದೊಂದು ಬಿರುದು ಹುಟ್ಟಿ, ಬೆಳೆದು, ಮುಚ್ಚಿಹೋದ ಈ ಮೂರು ದಶಕಗಳನ್ನು ಒಮ್ಮೆ ತಿರುಗಿ ನೋಡಬೇಕಿದೆ. ಅದೂ ಸಂಬಳದವರ ಕಡೆಯಿಂದಲ್ಲ, ಸ್ವಂತಕ್ಕೆ ಕೆಲಸ ಹಿಡಿದು ಮಾಡುವ ಫ್ರೀಲಾನ್ಸರ್‌ಗಳ ಕಡೆಯಿಂದ. ಸರ್ಟಿಫಿಕೇಟಿನ ಬಗ್ಗೆ ಬರುವ ಸಲಹೆಗಳೆಲ್ಲ ಸಂಬಳದವರನ್ನು ಮನಸ್ಸಿನಲ್ಲಿಟ್ಟುಕೊಂಡೇ ಹುಟ್ಟಿದವು. ಅವನ್ನೇ ನಂಬಿ ಫ್ರೀಲಾನ್ಸರ್‌ಗಳು ತಮ್ಮ ಜೇಬಿನಿಂದ ಹಣ ಕಟ್ಟುತ್ತಿದ್ದಾರೆ.

ಎಂಸಿಎಸ್‌ಇಗೂ ಮೊದಲು ನೋವೆಲ್ ಕಂಪನಿಯ ಸಿಎನ್‌ಇ ಇತ್ತು. ತೊಂಬತ್ತರ ದಶಕದ ಆರಂಭದಲ್ಲಿ ಆಫೀಸಿನ ಕಂಪ್ಯೂಟರುಗಳನ್ನು ಒಂದಕ್ಕೊಂದು ಜೋಡಿಸಬೇಕೆಂದರೆ ಆ ಕಂಪನಿಯ ನೆಟ್‌ವೇರ್ ತಂತ್ರಾಂಶ ಬೇಕು, ನೆಟ್‌ವೇರ್ ಬಲ್ಲವನೆಂದು ತೋರಿಸಲು ಸಿಎನ್‌ಇ ಬೇಕು. ವಿಂಡೋಸ್ ಎನ್‌ಟಿ ಬಂದು ನೆಟ್‌ವೇರನ್ನು ಮೂಲೆಗೆ ತಳ್ಳಿದಾಗ ಆ ಸರ್ಟಿಫಿಕೇಟೂ ಜೊತೆಗೇ ಹೋಯಿತು. ಎನ್‌ಟಿಯ ಸರದಿ ಬರಲೂ ತಡವಾಗಲಿಲ್ಲ. ಎನ್‌ಟಿ 4.0 ಮೇಲೆ ಎಂಸಿಎಸ್‌ಇ ಪಡೆದವರು 2001ರ ಕೊನೆಯೊಳಗೆ ಹೊಸ ಪರೀಕ್ಷೆ ಪಾಸು ಮಾಡದಿದ್ದರೆ ಬಿರುದು ರದ್ದು ಎಂದು ಮೈಕ್ರೋಸಾಫ್ಟ್ ಘೋಷಿಸಿತು. ದೊಡ್ಡ ಗಲಾಟೆಯಾದ ಮೇಲೆ ಆ ಗಡುವನ್ನು ಹಿಂತೆಗೆದುಕೊಂಡಿತು. ಕೊಟ್ಟದ್ದನ್ನು ಕೊಟ್ಟವರೇ ವಾಪಸು ಕೇಳಬಹುದು ಎಂಬುದು ಆಗಲೇ ಗೊತ್ತಾಗಬೇಕಿತ್ತು.

ನಮ್ಮಲ್ಲಿ ಈ ವ್ಯಾಪಾರಕ್ಕೆ ನೆಲ ಹದವಾಗಿಯೇ ಇತ್ತು. 1981ರಲ್ಲಿ ಎನ್‌ಐಐಟಿ, 1986ರಲ್ಲಿ ಆಪ್ಟೆಕ್ ಶುರುವಾಗಿದ್ದವು. ಸರ್ಕಾರದ ಕಡೆಯಿಂದ ಡೊಯಾಕ್ ಸಂಸ್ಥೆಯ ಓ ಲೆವೆಲ್, ಎ ಲೆವೆಲ್ ಪರೀಕ್ಷೆಗಳಿದ್ದವು; ಈಗ ಅದರ ಹೆಸರು ನೈಲಿಟ್. 2000ನೇ ಇಸವಿ ಬಂದೊಡನೆ ಹಳೆಯ ಕಂಪ್ಯೂಟರುಗಳು ಕೆಟ್ಟು ನಿಲ್ಲುತ್ತವೆಂಬ ವೈ2ಕೆ ಭಯ ಹತ್ತಿದ್ದೇ ತಡ, ಹಳೆಯ ಕೋಬಾಲ್ ಭಾಷೆಯನ್ನು ಮೂರು ತಿಂಗಳಲ್ಲಿ ಕಲಿಸಿ ವಿಮಾನ ಹತ್ತಿಸುತ್ತೇವೆ ಎನ್ನುವ ಬೋರ್ಡುಗಳು ಎದ್ದವು. 2000ದ ಹೊಸ ವರ್ಷ ಏನೂ ಆಗದೆ ಬಂತು. ಮರುವರ್ಷದೊಳಗೆ ಡಾಟ್‌ಕಾಮ್ ಗುಳ್ಳೆಯೂ ಒಡೆಯಿತು. ಬೋರ್ಡುಗಳು ಇಳಿದವು, ಕಟ್ಟಿದ ಫೀಸು ಮಾತ್ರ ವಾಪಸು ಬರಲಿಲ್ಲ.

ಇದೇ ಹೊತ್ತಿಗೆ ಡಂಪ್ಸ್ ಎಂಬ ಇನ್ನೊಂದು ಪಿಡುಗು ಬೆಳೆಯಿತು. ಪರೀಕ್ಷೆಯ ಪ್ರಶ್ನೆಗಳನ್ನೇ ಉತ್ತರದ ಸಮೇತ ಉರುಹೊಡೆದು ಪಾಸಾಗುವ ದಾರಿ ಅದು. ಹಾಗೆ ಪಾಸಾದವರಿಗೆ ಉದ್ಯಮದಲ್ಲಿ ‘ಪೇಪರ್ ಎಂಸಿಎಸ್‌ಇ’ ಎಂಬ ಹೆಸರೇ ಬಿತ್ತು. ಸರ್ವರ್ ಕೆಟ್ಟು ನಿಂತಾಗ ಇಂಥವರು ಎದುರಿಗಿದ್ದರೆ ಏನಾಗುತ್ತದೆಂದು ಕಂಡವರು ಸರ್ಟಿಫಿಕೇಟನ್ನೇ ನಂಬದಾದರು. ಪ್ರಾಮಾಣಿಕವಾಗಿ ಓದಿದವರೂ ಅದಕ್ಕೆ ಬೆಲೆ ತೆತ್ತರು.

ಈ ಮೂರು ದಶಕಗಳ ಅತಿ ದೊಡ್ಡ ಬದಲಾವಣೆ ಯಾವುದೆಂದು ಕೇಳಿದರೆ, ಕ್ಲೌಡ್ ಎಂದೋ ಎಐ ಎಂದೋ ಹೇಳುವವರು ಸಿಗುತ್ತಾರೆ. ನಮ್ಮ ಮಟ್ಟಿಗೆ ಅದು ಸರ್ಟಿಫಿಕೇಟಿನ ಆಯಸ್ಸು. ಕಾಂಪ್‌ಟಿಯಾದ ಎ ಪ್ಲಸ್ ಒಮ್ಮೆ ಬಂದರೆ ಜೀವನಪೂರ್ತಿ ನಿಮ್ಮದಾಗಿತ್ತು; 2011ರಿಂದ ಅದಕ್ಕೆ ಮೂರು ವರ್ಷದ ಗಡುವು ಬಿತ್ತು. ಅಮೆಜಾನಿನ ಕ್ಲೌಡ್ ಸೇವೆ ಎಡಬ್ಲ್ಯುಎಸ್‌ನ ಸರ್ಟಿಫಿಕೇಟುಗಳು 2013ರಲ್ಲಿ ಬಂದವು, ಅವುಗಳದ್ದೂ ಈಗ ಮೂರೇ ವರ್ಷ. ಮೈಕ್ರೋಸಾಫ್ಟ್‌ನ ಅಜೂರ್ ಸರ್ಟಿಫಿಕೇಟುಗಳಲ್ಲಿ ಆರಂಭಿಕ ಹಂತದವನ್ನು ಬಿಟ್ಟರೆ ಉಳಿದವಕ್ಕೆ 2021ರ ಮಧ್ಯದಿಂದ ಒಂದೇ ವರ್ಷ. ಸರ್ವರ್ ನಿರ್ವಹಣೆಯ ಕುಬರ್ನೆಟೀಸ್ ತಂತ್ರಾಂಶದ ಸಿಕೆಎ ಸರ್ಟಿಫಿಕೇಟು 2024ರಲ್ಲಿ ಮೂರರಿಂದ ಎರಡು ವರ್ಷಕ್ಕಿಳಿಯಿತು. ಅದೇ ವರ್ಷ, ಹ್ಯಾಕಿಂಗ್ ವಿದ್ಯೆಯಲ್ಲಿ ಹೆಸರುವಾಸಿಯಾದ ಒಎಸ್‌ಸಿಪಿಯ ಜೊತೆಗೆ ಮೂರು ವರ್ಷದ ಮಿತಿಯಿರುವ ಒಎಸ್‌ಸಿಪಿ ಪ್ಲಸ್ ಬಂತು. ತಂತ್ರಜ್ಞಾನ ಬೇಗ ಬದಲಾಗುತ್ತದೆ, ಆದ್ದರಿಂದ ಮರುಪರೀಕ್ಷೆ ಬೇಕು ಎನ್ನುವ ವಾದದಲ್ಲಿ ಹುರುಳಿದೆ. ಆದರೆ ಅದರ ಫಲ ನೋಡಿ: ಒಮ್ಮೆ ಕೊಂಡುಕೊಳ್ಳುತ್ತಿದ್ದದ್ದಕ್ಕೆ ಈಗ ಬಾಡಿಗೆ ಕಟ್ಟಬೇಕು. ನ್ಯಾಯವಾಗಿ ಹೇಳುವುದಾದರೆ ಮೈಕ್ರೋಸಾಫ್ಟ್ ನವೀಕರಣಕ್ಕೆ ಹಣ ಕೇಳುವುದಿಲ್ಲ, ಮನೆಯಲ್ಲೇ ಕೂತು ಉಚಿತವಾಗಿ ಮುಗಿಸಬಹುದು. ಎಲ್ಲರೂ ಅಷ್ಟು ಉದಾರಿಗಳಲ್ಲ. ಭದ್ರತಾ ಕ್ಷೇತ್ರದ ಸಿಐಎಸ್‌ಎಸ್‌ಪಿ ಪಡೆದವರು ಮೂರು ವರ್ಷಕ್ಕೆ 120 ಕಲಿಕೆಯ ಅಂಕ ತೋರಿಸಬೇಕು, ಜೊತೆಗೆ ವರ್ಷವರ್ಷವೂ ಡಾಲರಿನಲ್ಲಿ ಶುಲ್ಕ ಕಟ್ಟುತ್ತಿರಬೇಕು.

ಬಾಡಿಗೆ ಯಾರು ಕಟ್ಟುತ್ತಾರೆ ಎಂಬಲ್ಲಿ ಸಂಬಳದವರಿಗೂ ಫ್ರೀಲಾನ್ಸರ್‌ಗಳಿಗೂ ದಾರಿ ಬೇರೆಯಾಗುತ್ತದೆ. ಅಮೆಜಾನ್, ಮೈಕ್ರೋಸಾಫ್ಟ್ ಮುಂತಾದವು ತಮ್ಮ ಪಾಲುದಾರ ಕಂಪನಿಗಳಿಗೆ ದರ್ಜೆ ಕೊಡುತ್ತವೆ. ಮೇಲಿನ ದರ್ಜೆ ಬೇಕಾದರೆ ಕಂಪನಿಯಲ್ಲಿ ಇಂತಿಷ್ಟು ಜನ ಸರ್ಟಿಫಿಕೇಟಿನವರು ಇರಬೇಕು ಎಂಬ ಷರತ್ತಿದೆ. ಆದ್ದರಿಂದಲೇ ಸೇವಾ ಕಂಪನಿಗಳು ನೌಕರರ ಬೆನ್ನು ಹತ್ತಿ ಪರೀಕ್ಷೆ ಬರೆಸುತ್ತವೆ, ಫೀಸು ತಾವೇ ಭರಿಸುತ್ತವೆ. ಅಲ್ಲಿ ಸರ್ಟಿಫಿಕೇಟಿಗೆ ಒಬ್ಬ ಖಚಿತ ಗಿರಾಕಿ ಇದ್ದಾನೆ. ಒಬ್ಬರೇ ಕೂತು ಕೆಲಸ ಮಾಡುವವರಿಗೆ ಆ ದರ್ಜೆಯೂ ಇಲ್ಲ, ಆ ಗಿರಾಕಿಯೂ ಇಲ್ಲ.

ಅವರ ಖರ್ಚನ್ನು ಸರಿಯಾಗಿ ಕೂಡಿಸಿ ನೋಡೋಣ. ಎಡಬ್ಲ್ಯುಎಸ್‌ನ ಅಸೋಸಿಯೇಟ್ ಪರೀಕ್ಷೆಗೆ 150 ಡಾಲರು, ಪ್ರೊಫೆಷನಲ್‌ಗೆ 300. ಸಿಕೆಎ 400 ಡಾಲರು ದಾಟಿದೆ. ತೆರಿಗೆ ಬೇರೆ. ಇದು ಕಣ್ಣಿಗೆ ಕಾಣುವ ಖರ್ಚು. ಕಾಣದ್ದು ಓದಿಗೆ ಹೋಗುವ ದಿನಗಳು. ಸಂಬಳದವರು ಓದುವ ಹೊತ್ತಿನಲ್ಲೂ ಸಂಬಳ ಎಣಿಸುತ್ತಾರೆ, ಫ್ರೀಲಾನ್ಸರ್ ಓದಲು ಕೂತ ದಿನ ಬಿಲ್ಲು ಇಲ್ಲ. ದಿನಕ್ಕೆ ನಾಲ್ಕು ಸಾವಿರ ರೂಪಾಯಿ ದುಡಿಯುವವರು ಇಪ್ಪತ್ತು ದಿನ ಓದಿದರೆ ಎಂಬತ್ತು ಸಾವಿರ ಅಲ್ಲೇ ಹೋಯಿತು. ಅದರ ಮುಂದೆ ಪರೀಕ್ಷೆಯ ಫೀಸು ಚಿಲ್ಲರೆ.

ತೆರಿಗೆಯಲ್ಲಾದರೂ ಸ್ವಲ್ಪ ಉಳಿದೀತೇ? ಸಣ್ಣ ವೃತ್ತಿಯವರಿಗೆಂದು ಆದಾಯ ತೆರಿಗೆಯ 44ಎಡಿಎ ಸೆಕ್ಷನ್ನಿನಡಿ ಬಂದ ವ್ಯವಸ್ಥೆಯಲ್ಲಿ ವರ್ಷದ ಒಟ್ಟು ಗಳಿಕೆಯ ಅರ್ಧವನ್ನು ಆದಾಯವೆಂದು ತೋರಿಸಿದರೆ ಸಾಕು. ಮಿತಿ 50 ಲಕ್ಷ, ನಗದು ವಹಿವಾಟು ಶೇ 5 ಮೀರದಿದ್ದರೆ 75 ಲಕ್ಷ. ಲೆಕ್ಕಪುಸ್ತಕದ ತಲೆನೋವಿಲ್ಲವೆಂದು ಐಟಿಯ ಅನೇಕರು ಇದನ್ನೇ ಹಿಡಿದಿದ್ದಾರೆ, ಹಿಡಿದದ್ದು ಸರಿಯೇ. ಆದರೆ ಉಳಿದರ್ಧದಲ್ಲಿ ಎಲ್ಲ ಖರ್ಚೂ ಸೇರಿಹೋಯಿತು ಎಂದೇ ಕಾನೂನು ಎಣಿಸುತ್ತದೆ. ಕೋರ್ಸಿಗೆ ಲಕ್ಷ ಕಟ್ಟಿದರೂ ತೆರಿಗೆಯಲ್ಲಿ ಒಂದು ಪೈಸೆ ಹೆಚ್ಚು ರಿಯಾಯಿತಿ ಇಲ್ಲ. ವರ್ಷದ ವಹಿವಾಟು 20 ಲಕ್ಷದೊಳಗಿದ್ದು ಜಿಎಸ್‌ಟಿ ನೋಂದಣಿ ಮಾಡಿಸದವರಿಗೆ ಕೋರ್ಸಿನ ಮೇಲಿನ ಶೇ 18 ತೆರಿಗೆಯೂ ಮರಳಿ ಬಾರದ ಖರ್ಚೇ. ‘ವೃತ್ತಿಯ ಹೂಡಿಕೆ, ತೆರಿಗೆಯಲ್ಲಿ ಕಳೆಯಬಹುದು’ ಎಂದು ಕೋರ್ಸು ಮಾರುವ ಹುಡುಗ ಫೋನಿನಲ್ಲಿ ಹೇಳಿದರೆ, ಮೊದಲು ನಿಮ್ಮ ಆಡಿಟರನ್ನು ಕೇಳಿ.

ಆ ಹುಡುಗ ಇನ್ನೊಂದು ಮಾತನ್ನೂ ಹೇಳುತ್ತಾನೆ: ಕಂತಿನಲ್ಲಿ ಕಟ್ಟಬಹುದು. ಲಕ್ಷಗಟ್ಟಲೆಯ ಬೂಟ್‌ಕ್ಯಾಂಪುಗಳು ನಿಂತಿರುವುದೇ ಈ ಕಂತಿನ ಮೇಲೆ. ಸಹಿ ಹಾಕಿದ್ದು ಕೋರ್ಸಿಗೆಂದುಕೊಂಡರೆ ಅದು ಸಾಲದ ಪತ್ರವಾಗಿರುತ್ತದೆ. 2021ರ ಡಿಸೆಂಬರಿನಲ್ಲಿ ಕೇಂದ್ರ ಶಿಕ್ಷಣ ಸಚಿವಾಲಯವೇ ಎಡ್‌ಟೆಕ್ ಕಂಪನಿಗಳ ಆಟೊ ಡೆಬಿಟ್ ವಿಷಯದಲ್ಲಿ ಜನರನ್ನು ಎಚ್ಚರಿಸಬೇಕಾಯಿತು. ಕೆಲಸ ಆಗೊಮ್ಮೆ ಈಗೊಮ್ಮೆ ಸಿಗುವವರು, ತಿಂಗಳು ತಿಂಗಳೂ ತಪ್ಪದೆ ಹೋಗುವ ಕಂತಿಗೆ ಕೈಹಾಕಬಾರದು. ಇದರಲ್ಲಿ ನಮಗೆ ಎರಡನೆಯ ಅಭಿಪ್ರಾಯವಿಲ್ಲ.

ಇಷ್ಟೆಲ್ಲ ಕೊಟ್ಟು ಪಡೆದ ಕಾಗದವನ್ನು ಓದುವವರು ಯಾರು? ಫ್ರೀಲಾನ್ಸರ್‌ಗಳಿಗೆ ಕೆಲಸ ಹುಡುಕಿಕೊಡುವ ಎಲಾನ್ಸ್, ಒಡೆಸ್ಕ್ ಜಾಲತಾಣಗಳು ಸೇರಿ ಅಪ್‌ವರ್ಕ್ ಆದ ಕಥೆಯಲ್ಲಿ ಇದಕ್ಕೊಂದು ಸಾಕ್ಷಿಯಿದೆ. ಅಪ್‌ವರ್ಕ್‌ನಲ್ಲಿ ಬಹುಕಾಲ ಕೌಶಲ ಪರೀಕ್ಷೆಗಳಿದ್ದವು. ಪಾಸಾದವರ ಪ್ರೊಫೈಲಿನಲ್ಲಿ ಅಂಕ ಕಾಣುತ್ತಿತ್ತು. 2019ರಲ್ಲಿ ಅವನ್ನು ತೆಗೆದುಹಾಕಿದರು. ಲಿಂಕ್ಡ್‌ಇನ್ ಅದೇ ವರ್ಷ ಇಂಥದ್ದೇ ಪರೀಕ್ಷೆ ಶುರುಮಾಡಿ 2023ರ ಕೊನೆಗೆ ಕೈಬಿಟ್ಟಿತು. ಕೆಲಸ ಕೊಡುವವರು ನೋಡುವುದು ಹಿಂದೆ ಮಾಡಿದ ಕೆಲಸವನ್ನು, ಹಿಂದಿನ ಗಿರಾಕಿ ಬರೆದ ಎರಡು ಸಾಲನ್ನು, ಮೊದಲ ಮಾತುಕತೆಯಲ್ಲಿ ಎದುರಿನವರಿಗೆ ಸಮಸ್ಯೆ ಅರ್ಥವಾಯಿತೇ ಎಂಬುದನ್ನು. ದಾವಣಗೆರೆಯ ಬಟ್ಟೆ ಅಂಗಡಿಯವರಿಗೆ ವೆಬ್‌ಸೈಟ್ ಮಾಡಿಕೊಡುವವರ ಗೋಡೆಯ ಮೇಲೆ ಏನು ತೂಗಿದೆ ಎಂದು ಅಂಗಡಿಯವರು ಕೇಳುವುದಿಲ್ಲ. ದೀಪಾವಳಿಯ ದಿನ ಸೈಟು ನಿಂತರೆ ಫೋನು ಎತ್ತುತ್ತೀರಾ ಎಂದು ಕೇಳುತ್ತಾರೆ.

ಅಪವಾದಗಳಿವೆ, ಅವು ಸಣ್ಣವಲ್ಲ. ಭದ್ರತೆಯ ಕೆಲಸದಲ್ಲಿ ಗಿರಾಕಿ ತನ್ನ ಬೀಗದ ಕೈಯನ್ನೇ ನಿಮಗೆ ಕೊಡುತ್ತಾನೆ, ಕಾಗದ ಕೇಳುವುದು ಸಹಜ. ಕೇಂದ್ರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್‌-ಇನ್ ತನ್ನ ಆಡಿಟರ್ ಪಟ್ಟಿಗೆ ಸಂಸ್ಥೆಗಳನ್ನು ಸೇರಿಸುತ್ತದೆಯೇ ಹೊರತು ಒಂಟಿ ವ್ಯಕ್ತಿಗಳನ್ನಲ್ಲ. ಹಾಗಾಗಿ ಫ್ರೀಲಾನ್ಸರ್ ಅಂಥ ಸಂಸ್ಥೆಯ ಕೈಕೆಳಗೇ ಹೋಗಬೇಕು, ಅಲ್ಲಿ ಒಎಸ್‌ಸಿಪಿಗೆ ಮಾತಿನ ತೂಕ ಬರುತ್ತದೆ. ಸೇಲ್ಸ್‌ಫೋರ್ಸ್ ತಂತ್ರಾಂಶದ ಸಲಹೆಗಾರರ ಲೋಕದಲ್ಲೂ ಹೀಗೇ. ಸರ್ಟಿಫಿಕೇಟಿಲ್ಲದವರ ಬಯೋಡೇಟಾ ಮುಂದಿನ ಮೇಜಿಗೆ ಹೋಗುವುದು ಕಷ್ಟ. ಟೆಸ್ಟಿಂಗ್ ಬಿಟ್ಟು ಕ್ಲೌಡಿಗೆ ಬರುವಂತೆ ಹಾದಿ ಬದಲಿಸುವವರಿಗೂ, ತೋರಿಸಲು ಹಳೆಯ ಕೆಲಸವಿಲ್ಲದ ಮೊದಲ ವರ್ಷದಲ್ಲಿ, ಒಂದು ಸರ್ಟಿಫಿಕೇಟು ಆಸರೆಯಾಗುತ್ತದೆ. ಒಂದು ಎಂದೆವು, ನಾಲ್ಕಲ್ಲ.

ತಂಡದ ಕೆಲಸ ನಡೆಸುವ ಸ್ಕ್ರಮ್ ಪದ್ಧತಿಯ ಸರ್ಟಿಫಿಕೇಟುಗಳ ವಿಚಾರ ಒಂದೆರಡು ಸಾಲಿನಲ್ಲಿ ಮುಗಿಯುತ್ತದೆ. ಎರಡು ದಿನ ತರಗತಿಯಲ್ಲಿ ಕೂತು ಮಾಸ್ಟರ್ ಆಗುವ ಪದ್ಧತಿಯಿಂದ ಬೇಸರಗೊಂಡು, ಅದರ ಜನಕರಲ್ಲೊಬ್ಬರಾದ ಕೆನ್ ಶ್ವೇಬರ್ 2009ರಲ್ಲಿ ಸ್ಕ್ರಮ್ ಅಲಯನ್ಸ್ ಬಿಟ್ಟು ಬೇರೆ ಸಂಸ್ಥೆ ಕಟ್ಟಿದರು. ಅವರ ಪಿಎಸ್‌ಎಂ ಪರೀಕ್ಷೆಗೆ ತರಗತಿಯ ಕಡ್ಡಾಯವಿಲ್ಲ, ಅವಧಿ ಮುಗಿಯುವುದೂ ಇಲ್ಲ. ಆಯ್ಕೆ ಮಾಡಲೇಬೇಕಾದರೆ ಅದು.

ಮೂವತ್ತು ವರ್ಷದ ಈ ಜರಡಿಯಲ್ಲಿ ಉಳಿದುಕೊಂಡವು ಕೈಯಿಂದ ಮಾಡಿ ತೋರಿಸುವ ಪರೀಕ್ಷೆಗಳು. 1993ರಲ್ಲಿ ಶುರುವಾದ ಸಿಸ್ಕೊದ ಸಿಸಿಐಇಯ ಲ್ಯಾಬ್ ಪರೀಕ್ಷೆ ಇಂದಿಗೂ ಗೌರವ ಉಳಿಸಿಕೊಂಡಿದೆ. ರೆಡ್‌ಹ್ಯಾಟ್‌ನ ಆರ್‌ಎಚ್‌ಸಿಇ 1999ರಿಂದಲೂ ನಿಜವಾದ ಲಿನಕ್ಸ್ ಯಂತ್ರದ ಮುಂದೆ ಕೂರಿಸುತ್ತದೆ. ಸಿಕೆಎ ಎರಡು ಗಂಟೆ ಟರ್ಮಿನಲ್ಲಿನಲ್ಲೇ ಕೆಲಸ ಮಾಡಿಸುತ್ತದೆ, ಒಎಸ್‌ಸಿಪಿಯಲ್ಲಿ ಹೆಚ್ಚುಕಡಿಮೆ ಒಂದು ಹಗಲು ಒಂದು ರಾತ್ರಿ ದಾಳಿ ನಡೆಸಿ ಆಮೇಲೆ ವರದಿ ಬರೆಯಬೇಕು. ಡಂಪ್ಸ್ ಓದಿದವರಿಗೆ ಇಲ್ಲಿ ದಾರಿ ಸುಲಭವಿಲ್ಲ. ಇವುಗಳ ದೊಡ್ಡ ಲಾಭ ಬೇರೆಯೇ: ಫೇಲಾದರೂ ತಯಾರಿಯಲ್ಲಿ ಕಲಿತದ್ದು ಮರುದಿನವೇ ಗಿರಾಕಿಯ ಕೆಲಸಕ್ಕೆ ಬರುತ್ತದೆ. ನಾಲ್ಕು ಉತ್ತರಗಳಲ್ಲಿ ಒಂದಕ್ಕೆ ಗುರುತು ಹಾಕುವ ಪರೀಕ್ಷೆಗೆ ಓದಿದ ಸೇವೆಗಳ ಹೆಸರಿನ ಪಟ್ಟಿ ಹಾಗೆ ಬರುವುದಿಲ್ಲ. ಬುನಾದಿ ಗಟ್ಟಿಮಾಡಿಕೊಳ್ಳುವವರಿಗೆ ಸರ್ಟಿಫಿಕೇಟಿನ ಹಂಗೂ ಬೇಡ. ಐಐಟಿಗಳೂ ಬೆಂಗಳೂರಿನ ಐಐಎಸ್‌ಸಿಯೂ ಸೇರಿ 2003ರಲ್ಲಿ ಶುರುಮಾಡಿದ ಎನ್‌ಪಿಟೆಲ್ ಪಾಠಗಳು ಉಚಿತ. ಡೇಟಾಬೇಸ್, ನೆಟ್‌ವರ್ಕ್, ಆಪರೇಟಿಂಗ್ ಸಿಸ್ಟಂ ಅಲ್ಲಿ ಕಲಿತದ್ದು ಯಾವ ಕಂಪನಿ ಯಾವುದನ್ನು ಮುಚ್ಚಿದರೂ ಹಳತಾಗದು.

ಕಟ್ಟುವುದೇ ನಿಶ್ಚಯವಾದರೆ ಕೆಲವು ಸಂಗತಿ ತಿಳಿದಿರಲಿ. ಎಡಬ್ಲ್ಯುಎಸ್‌ನಲ್ಲಿ ಇಂಗ್ಲಿಷ್ ಮಾತೃಭಾಷೆಯಲ್ಲದವರು ಕೇಳಿದರೆ ಅರ್ಧ ಗಂಟೆ ಹೆಚ್ಚು ಸಮಯ ಸಿಗುತ್ತದೆ. ಪರೀಕ್ಷೆ ಕಾಯ್ದಿರಿಸುವ ಮೊದಲೇ ಕೇಳಬೇಕು. ಕನ್ನಡ ಮಾಧ್ಯಮದಲ್ಲಿ ಓದಿ ಬಂದವರಿಗೆ ಆ ಅರ್ಧ ಗಂಟೆ ಚಿನ್ನ. ಒಂದು ಪಾಸಾದರೆ ಮುಂದಿನದಕ್ಕೆ ಅರ್ಧ ಫೀಸು. ಸಿಕೆಎ ಶುಲ್ಕದಲ್ಲೇ ಇನ್ನೊಂದು ಅವಕಾಶ ಸೇರಿದೆ, ವರ್ಷದ ಕೊನೆಗೆ ದರವೂ ಇಳಿಯುವುದುಂಟು. ಮನೆಯಿಂದ ಬರೆಯುವ ಪರೀಕ್ಷೆಯಲ್ಲಿ ಕ್ಯಾಮೆರಾ ಎದುರು ಕೋಣೆಯನ್ನೆಲ್ಲ ತೋರಿಸಬೇಕು, ನಡುವೆ ಯಾರೂ ಒಳಗೆ ಬರುವಂತಿಲ್ಲ, ಪ್ರಶ್ನೆಯನ್ನು ಬಾಯಿಬಿಟ್ಟು ಓದುವಂತಿಲ್ಲ. ಕರೆಂಟು ಹೋಗುವ ಊರಿನಲ್ಲಿ, ಮಕ್ಕಳಿರುವ ಎರಡು ಕೋಣೆಯ ಮನೆಯಲ್ಲಿ ಇದು ಆಗದ ಮಾತು. ಬಸ್ಸು ಹತ್ತಿ ಪರೀಕ್ಷಾ ಕೇಂದ್ರಕ್ಕೆ ಹೋಗುವುದೇ ಲೇಸು.

ಇನ್ನು ಎಐ. 2022ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಬಂದ ಮೇಲೆ ಉರುಹೊಡೆದ ಜ್ಞಾನದ ಬೆಲೆ ಇನ್ನಷ್ಟು ಕುಸಿದಿದೆ. 2023ರಲ್ಲಿ ಮೈಕ್ರೋಸಾಫ್ಟ್ ತನ್ನ ಹಲವು ಪರೀಕ್ಷೆಗಳ ನಡುವೆಯೇ ಅಧಿಕೃತ ಕೈಪಿಡಿಯ ಪುಟಗಳನ್ನು ತೆರೆದು ನೋಡಲು ಬಿಟ್ಟದ್ದು ಒಳ್ಳೆಯ ನಡೆ. ಕೆಲಸದಲ್ಲಿ ಯಾರೂ ಪುಸ್ತಕ ಮುಚ್ಚಿಟ್ಟು ಕೂರುವುದಿಲ್ಲ. ಇನ್ನೊಂದೆಡೆ ಪ್ರಾಂಪ್ಟ್ ಬರೆಯುವುದಕ್ಕೂ ಸರ್ಟಿಫಿಕೇಟು ಮಾರುವ ಜಾತ್ರೆ ನೆರೆದಿದೆ. ಕೋಬಾಲ್ ಕಾಲದ ಬೋರ್ಡುಗಳನ್ನು ಕಂಡವರು ಇದನ್ನು ನೋಡಿ ಬೆರಗಾಗಬೇಕಿಲ್ಲ. ಎರಡು ವರ್ಷ ಕಾದು ನೋಡಿದರೆ ನಷ್ಟವೇನೂ ಇಲ್ಲ.

ಈ ವರ್ಷ ಯಾವುದಾದರೂ ಪರೀಕ್ಷೆಗೆ ಹಣ ಕಟ್ಟುವ ಯೋಚನೆಯಲ್ಲಿದ್ದರೆ, ಕಾರ್ಡ್ ತೆಗೆಯುವ ಮೊದಲು ನಿಮ್ಮ ಇತ್ತೀಚಿನ ಮೂವರು ಗಿರಾಕಿಗಳಿಗೆ ಫೋನ್ ಮಾಡಿ. ನನಗೆ ಕೆಲಸ ಕೊಡುವಾಗ ಏನು ನೋಡಿದಿರಿ, ಯಾವ ಕೆಲಸ ನನ್ನಿಂದಾಗದೆಂದು ಬೇರೆಯವರಿಗೆ ಕೊಟ್ಟಿರಿ ಎಂದು ಕೇಳಿ. ಮೂವರಲ್ಲಿ ಇಬ್ಬರು ಒಂದೇ ವಿದ್ಯೆಯ ಹೆಸರು ಹೇಳಿದರೆ ಅದನ್ನು ಕಲಿಯಿರಿ, ಅದಕ್ಕೊಂದು ಕೈಕೆಲಸದ ಪರೀಕ್ಷೆಯಿದ್ದರೆ ಬರೆಯಿರಿ. ಯಾರೂ ಏನೂ ಹೇಳದಿದ್ದರೆ ಆ ಹಣ ನಿಮ್ಮ ಖಾತೆಯಲ್ಲೇ ಇರಲಿ.