ದೂರವಿದ್ದೂ ಕೂಡಿ ದುಡಿಯುವ ಬಗೆ

ಮಾನವನು ಸಂಘಜೀವಿ. ಒಬ್ಬನಿಂದಾಗದ ಕಾರ್ಯವನ್ನು ಹತ್ತು ಜನ ಕೂಡಿ ಸಾಧಿಸುವುದು ಅನಾದಿಕಾಲದಿಂದ ನಡೆದುಬಂದ ರೀತಿ. ಆದರೆ ಆ ಹತ್ತು ಜನರೂ ಒಂದೇ ಸೂರಿನಡಿಯಲ್ಲಿರಬೇಕೆಂಬ ನಿಯಮವು ಈಗ ಉಳಿದಿಲ್ಲ. 1985ರಲ್ಲಿ ಅಮೆರಿಕದ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಸಂಸ್ಥೆಯು ಬೆಂಗಳೂರಿನಲ್ಲಿ ಕೇಂದ್ರವನ್ನು ತೆರೆದು, ಉಪಗ್ರಹ ಸಂಪರ್ಕದ ಮೂಲಕ ತನ್ನ ಕೆಲಸವನ್ನು ಹಂಚಿಕೊಂಡಿತು. 2020ರ ಕೊರೋನಾ ಪಿಡುಗಿನ ತರುವಾಯ ಅಂಥ ದುಡಿಮೆ ಮನೆಮನೆಯ ಮಾತಾಯಿತು. ಇಂದು ನಾಡಿನ ಅಸಂಖ್ಯ ತರುಣ ತರುಣಿಯರು ಎಂದೂ ಮುಖಾಮುಖಿಯಾಗದ ಸಹೋದ್ಯೋಗಿಗಳೊಡನೆ ದುಡಿಯುತ್ತಿದ್ದಾರೆ.

ಉತ್ತಮ ಯಂತ್ರವೊಂದಿದ್ದರೆ ದೂರವು ಅಳಿಯುವುದೆಂದು ಹಲವರ ನಂಬಿಕೆ. ಇದು ಅರ್ಧಸತ್ಯ. ಯಂತ್ರವು ಮಾತನ್ನು ಮುಟ್ಟಿಸೀತೇ ಹೊರತು ಒಮ್ಮತವನ್ನು ಮುಟ್ಟಿಸಲಾರದು. ಇದಕ್ಕೆ ‘ಮಾರ್ಸ್ ಕ್ಲೈಮೇಟ್ ಆರ್ಬಿಟರ್’ ನೌಕೆಯ ದುರಂತವೇ ಸಾಕ್ಷಿ. 1998ರ ಡಿಸೆಂಬರ್ 11ರಂದು ಮಂಗಳಗ್ರಹದತ್ತ ಹೊರಟ ಈ ನೌಕೆಯ ಹೊಣೆಯನ್ನು ಕೊಲರಾಡೊ ಪ್ರಾಂತದ ತಂಡವೂ ಕ್ಯಾಲಿಫೋರ್ನಿಯದ ತಂಡವೂ ಹಂಚಿಕೊಂಡಿದ್ದವು. ಒಂದು ತಂಡದ ಗಣಕವು ನೌಕೆಯ ಪುಟ್ಟ ರಾಕೆಟ್ಟುಗಳ ನೂಕನ್ನು ಪೌಂಡಿನ ಮಾನದಲ್ಲಿ ತಿಳಿಸಿತು. ಇನ್ನೊಂದು ತಂಡ ಅದನ್ನು ನ್ಯೂಟನ್ನಿನ ಮಾನವೆಂದೇ ಗ್ರಹಿಸಿತು. ಇವೆರಡರ ನಡುವಣ ಅಂತರ ಸುಮಾರು 4.45 ಪಟ್ಟು. ಫಲವಾಗಿ 1999ರ ಸೆಪ್ಟೆಂಬರ್ 23ರಂದು ನೌಕೆಯು ಗ್ರಹಕ್ಕೆ ತೀರ ಸಮೀಪವಾಗಿ ಸಾಗಿ ನಾಶವಾಯಿತು. ವಿಚಾರ ಮಾಡಬೇಕಾದ ಸಂಗತಿ ಮತ್ತೊಂದಿದೆ: ಲೆಕ್ಕ ಹೊಂದುತ್ತಿಲ್ಲವೆಂಬುದು ಪ್ರಯಾಣಕಾಲದಲ್ಲೇ ಕೆಲವರಿಗೆ ಕಂಡಿತ್ತು. ಆದರೆ ಆ ಸಂಶಯವು ಕ್ರಮಬದ್ಧವಾಗಿ ದಾಖಲಾಗಿ ನಿರ್ಣಯಿಸುವವರ ಮುಂದೆ ಬರಲಿಲ್ಲ. ಅಲ್ಲಿ ಕೊರತೆಯಾದುದು ಉಪಕರಣವಲ್ಲ; ಸಮಾನ ಮಾನದಂಡ ಮತ್ತು ಸಂಶಯವನ್ನು ಆಲಿಸುವ ವ್ಯವಸ್ಥೆ.

ಇದಕ್ಕೆ ಪ್ರತಿಯಾಗಿ, ಕೃಷ್ಣರಂಧ್ರದ ಪ್ರಥಮ ಚಿತ್ರವನ್ನು ಪಡೆದವರ ಶಿಸ್ತನ್ನು ನೋಡಬೇಕು. 2017ರ ಏಪ್ರಿಲ್‌ನಲ್ಲಿ ಹವಾಯಿ, ಅರಿಜೋನ, ಮೆಕ್ಸಿಕೊ, ಚಿಲಿ, ಸ್ಪೇನ್ ಹಾಗೂ ದಕ್ಷಿಣಧ್ರುವಗಳಲ್ಲಿದ್ದ 8 ದೂರದರ್ಶಕಗಳು ಪರಮಾಣು ಗಡಿಯಾರಗಳ ಆಧಾರದಿಂದ ಒಂದೇ ಕಾಲಮಾನಕ್ಕೆ ಹೊಂದಿಕೊಂಡು ಆಕಾಶವನ್ನು ವೀಕ್ಷಿಸಿದವು. ದೊರೆತ ಮಾಹಿತಿ ಅಪಾರವಾಗಿದ್ದುದರಿಂದ ಅದನ್ನು ತಂತಿಯ ಮೂಲಕ ಕಳುಹದೆ ವಿಮಾನದಲ್ಲಿ ಸಾಗಿಸಲಾಯಿತು. ದಕ್ಷಿಣಧ್ರುವದ ಮಾಹಿತಿಗಾಗಿ ಅಲ್ಲಿಯ ಚಳಿಗಾಲ ಕಳೆಯುವತನಕ ಎಲ್ಲರೂ ಕಾದರು. ಬಳಿಕ ನಾಲ್ಕು ತಂಡಗಳು ಪರಸ್ಪರ ಸುಳಿವು ನೀಡದೆ ಚಿತ್ರವನ್ನು ರೂಪಿಸಿ, ಅನಂತರವೇ ಹೋಲಿಸಿದವು. 2019ರ ಏಪ್ರಿಲ್ 10ರಂದು ಜಗತ್ತು ಆ ಚಿತ್ರವನ್ನು ಕಂಡಿತು. ಎಲ್ಲಿ ಕೂಡಬೇಕು, ಎಲ್ಲಿ ಬೇರೆಯಾಗಿರಬೇಕು ಎಂಬ ವಿವೇಕವೇ ಈ ಯಶಸ್ಸಿನ ತಿರುಳು.

ಇನ್ನು ನ್ಯಾಯದ ಪ್ರಶ್ನೆ. ಕ್ಯಾಲಿಫೋರ್ನಿಯಕ್ಕಿಂತ ಬೆಂಗಳೂರಿನ ಗಡಿಯಾರವು ಋತುವಿಗನುಗುಣವಾಗಿ ಹನ್ನೆರಡೂವರೆ ಅಥವಾ ಹದಿಮೂರೂವರೆ ಗಂಟೆ ಮುಂದಿದೆ. ಅಲ್ಲಿಯ ಹಗಲು ಇಲ್ಲಿಯ ರಾತ್ರಿ. ಇಬ್ಬರೂ ಮಾತನಾಡಬೇಕೆಂದರೆ ಯಾರಾದರೊಬ್ಬರು ನಿದ್ದೆಗೆಡಲೇಬೇಕು. ಆ ಭಾರವು ಸದಾ ಒಂದೇ ಕಡೆಗೆ ಬಿದ್ದರೆ ಅದು ಸಹಕಾರವಾಗದೆ ಊಳಿಗವಾಗುತ್ತದೆ. ರಾತ್ರಿಯ ಸಭೆಯನ್ನು ಸರದಿಯಂತೆ ಹಂಚಿಕೊಳ್ಳುವುದು, ನಿರ್ಣಯಗಳನ್ನು ಬರೆದಿಟ್ಟು ಗೈರುಹಾಜರಾದವರಿಗೂ ತಿಳಿಯಪಡಿಸುವುದು, ಯಾವ ಕೆಲಸಕ್ಕೆ ಯಾರು ಹೊಣೆಯೆಂಬುದನ್ನು ಮೊದಲೇ ನಿಶ್ಚಯಿಸುವುದು ಮುಖ್ಯಸ್ಥನಾದವನ ಕರ್ತವ್ಯ. ಕಣ್ಣೆದುರಿಗಿಲ್ಲದವರನ್ನು ಅನುಗಾಲವೂ ಕಾವಲು ಕಾಯುವುದು ಮೇಲ್ವಿಚಾರಣೆಯಲ್ಲ. ಒಪ್ಪಿಸಿದ ಕಾರ್ಯದ ಫಲವನ್ನು ಪರೀಕ್ಷಿಸುವುದೇ ಮೇಲ್ವಿಚಾರಣೆ.

ನಾಳೆ ಇಂಥ ತಂಡಗಳನ್ನು ಸೇರಲಿರುವ ವಿದ್ಯಾರ್ಥಿಗಳು ಗಣಕವಿದ್ಯೆಯ ಜತೆಗೆ ಸ್ಪಷ್ಟವಾಗಿ ಬರೆಯುವುದನ್ನೂ, ತಿಳಿಯದುದನ್ನು ಸಂಕೋಚವಿಲ್ಲದೆ ಕೇಳುವುದನ್ನೂ ಅಭ್ಯಸಿಸಬೇಕು. ಸಂಶಯ ಬಂದಾಗ ಮೌನವಾಗಿರುವವನು ಎಷ್ಟೇ ಜಾಣನಾದರೂ ದೂರದ ಜತೆಗಾರನಿಗೆ ನೆರವಾಗಲಾರನು.