ನಾಲ್ಕನೇ ಆಟಕ್ಕೆ ಗಡಿಯಾರ ಕಟ್ಟಿದವರು

‘ಟೋನಿ ಹಾಕ್ಸ್ ಪ್ರೊ ಸ್ಕೇಟರ್ 3+4’ ವಿಷಯದಲ್ಲಿ ನನ್ನ ತಕರಾರು ಗೇಮ್ ಕಟ್ಟಿದವರ ಮೇಲೆ ಅರ್ಧ, ಅದನ್ನು ವಿಮರ್ಶೆ ಮಾಡಿದವರ ಮೇಲೆ ಪೂರ್ತಿ. 2025ರ ಜುಲೈ 11ರಂದು ಆಕ್ಟಿವಿಷನ್ ಕಂಪನಿ ಇದನ್ನು ಬಿಡುಗಡೆ ಮಾಡಿತು. ಸ್ಕೇಟ್‌ಬೋರ್ಡ್ ಗೇಮ್ ಸರಣಿಯೊಂದರ ಮೂರನೇ, ನಾಲ್ಕನೇ ಭಾಗಗಳ ಈ ರೀಮೇಕನ್ನು ಕಟ್ಟಿದ್ದು ಐರನ್ ಗ್ಯಾಲಕ್ಸಿ ಸ್ಟುಡಿಯೊ. ಅದರ ಬೆನ್ನಿಗೇ ವಿಮರ್ಶೆಗಳೂ ಬಂದವು: ಹತ್ತಕ್ಕೆ ಎಂಟು, ಹತ್ತಕ್ಕೆ ಒಂಬತ್ತು. ವಿಮರ್ಶಕರ ಅಂಕಗಳನ್ನು ಒಟ್ಟುಗೂಡಿಸುವ ಮೆಟಾಕ್ರಿಟಿಕ್ ತಾಣದಲ್ಲಿ ಸರಾಸರಿ ನೂರಕ್ಕೆ 80ರ ಆಸುಪಾಸಿನಲ್ಲಿತ್ತು. ಚಿತ್ರಗಳು ಚೆಂದ, ಓಟ ನುಣುಪು, ಹಳೆಯ ಖುಷಿ ಮರಳಿ ಬಂತು ಎಂದು ಹೆಚ್ಚುಕಡಿಮೆ ಎಲ್ಲರೂ ಬರೆದರು. ಎರಡು ಆಟಗಳ ಹೆಸರು ಹೇಳಿ ಒಂದೂವರೆ ಆಟ ಮಾರಿದ್ದಾರೆ ಎಂಬ ಸಂಗತಿಯನ್ನು ಮುಚ್ಚಿಟ್ಟರು ಎಂದು ನಾನು ಹೇಳುವುದಿಲ್ಲ. ಬಹಳ ಮಂದಿ ಬರೆದಿದ್ದಾರೆ. ‘ಆದರೆ’ ಎಂದು ಶುರುವಾಗುವ ಒಂದು ಪ್ಯಾರಾದಲ್ಲಿ ಬರೆದು, ಮುಂದಿನ ಪ್ಯಾರಾದಲ್ಲಿ ಮರೆತು, ಕೊನೆಯಲ್ಲಿ ಅಂಕ ಹಾಕುವಾಗ ಕ್ಷಮಿಸಿಬಿಟ್ಟಿದ್ದಾರೆ.

ಆಡದವರಿಗಾಗಿ ಸ್ವಲ್ಪ ವಿವರ. ನೆವರ್‌ಸಾಫ್ಟ್ ಎಂಬ ಸ್ಟುಡಿಯೊ 1999ರಲ್ಲಿ ಈ ಸರಣಿಯ ಮೊದಲ ಗೇಮ್ ತಂದಾಗ ಅದರ ನಿಯಮ ಒಂದೇ ಸಾಲಿನದಾಗಿತ್ತು. ಒಂದು ಜಾಗ, ಒಂದು ಸ್ಕೇಟ್‌ಬೋರ್ಡ್, ಎರಡು ನಿಮಿಷ. ಅಷ್ಟರೊಳಗೆ ಕಂಬಿಗಳ ಮೇಲೆ ಜಾರಬೇಕು, ಇಳಿಜಾರಿನಿಂದ ಹಾರಿ ಗಾಳಿಯಲ್ಲಿ ತಿರುಗಬೇಕು, ಅಲ್ಲಲ್ಲಿ ತೇಲುವ ಅಕ್ಷರಗಳನ್ನು ಕೂಡಿಸಬೇಕು, ಬಚ್ಚಿಟ್ಟ ಟೇಪನ್ನು ಹುಡುಕಬೇಕು. ಸಮಯ ಮುಗಿಯಿತೋ, ಮತ್ತೆ ಮೊದಲಿನಿಂದ. 2000ದಲ್ಲಿ ಬಂದ ಎರಡನೇ ಭಾಗ ‘ಮ್ಯಾನ್ಯುಅಲ್’ ಎಂಬ ಚಲನೆಯನ್ನು ತಂದಿತು. ಎರಡೇ ಗಾಲಿಗಳ ಮೇಲೆ ತೂಗಾಡುತ್ತಾ ಒಂದು ಕಂಬಿಯಿಂದ ಇನ್ನೊಂದಕ್ಕೆ ಸಾಗಿ, ಒಂದು ಕಸರತ್ತಿಗೆ ಇನ್ನೊಂದನ್ನು ಪೋಣಿಸುವ ಉಪಾಯ ಅದು. 2001ರ ಮೂರನೇ ಭಾಗದ ‘ರಿವರ್ಟ್’ ಬಂದ ಮೇಲೆ ಇಳಿಜಾರಿನಲ್ಲೂ ಆ ಸರ ಕಡಿಯದಾಯಿತು. ಎರಡನೆಯದಕ್ಕೆ ಪ್ಲೇಸ್ಟೇಷನ್‌ನಲ್ಲಿ ಮೆಟಾಕ್ರಿಟಿಕ್ ಸರಾಸರಿ 98, ಮೂರನೆಯದಕ್ಕೆ ಪ್ಲೇಸ್ಟೇಷನ್ 2ರಲ್ಲಿ 97. ಅಂಥ ಅಂಕಗಳನ್ನು ಪಡೆದ ಗೇಮುಗಳು ಇಂದಿಗೂ ಬೆರಳೆಣಿಕೆಯಷ್ಟು.

ಗೆದ್ದ ಸೂತ್ರವನ್ನು ಮುಟ್ಟಲು ಯಾರಿಗೂ ಧೈರ್ಯ ಬರುವುದಿಲ್ಲ. ನೆವರ್‌ಸಾಫ್ಟ್‌ಗೆ ಬಂತು. 2002ರ ನಾಲ್ಕನೇ ಭಾಗದಲ್ಲಿ ಅವರು ಆ ಗಡಿಯಾರವನ್ನೇ ಕಿತ್ತು ಪಕ್ಕಕ್ಕಿಟ್ಟರು. ನೀವು ಕಾಲೇಜಿನ ಆವರಣಕ್ಕೋ ಸ್ಯಾನ್ ಫ್ರಾನ್ಸಿಸ್ಕೊದ ಬೀದಿಗೋ ಆಲ್ಕಟ್ರಾಜ್ ದ್ವೀಪದ ಹಳೆಯ ಜೈಲಿಗೋ ಹೋಗುತ್ತೀರಿ. ಅಲ್ಲಿ ಎಷ್ಟು ಹೊತ್ತಾದರೂ ಇರಬಹುದು. ಸುತ್ತ ಜನ ನಿಂತಿರುತ್ತಾರೆ. ಹತ್ತಿರ ಹೋಗಿ ಮಾತಾಡಿಸಿದರೆ ಒಬ್ಬ ಏನೋ ಕೆಲಸ ಹೇಳುತ್ತಾನೆ, ಇನ್ನೊಬ್ಬ ಪಂದ್ಯ ಕಟ್ಟುತ್ತಾನೆ. ಕೆಲಸ ಒಪ್ಪಿಕೊಂಡ ಮೇಲೆ ಅದಕ್ಕೊಂದು ಗಡುವು ಇರುತ್ತದೆ ನಿಜ. ಸೋತರೆ ಮಾತ್ರ ನಿಮ್ಮನ್ನು ಯಾರೂ ಎತ್ತಿ ಹೊರಗೆ ಹಾಕುವುದಿಲ್ಲ. ಅಲ್ಲೇ ಇರುತ್ತೀರಿ, ಬೋರ್ಡು ಕಾಲಡಿಯಲ್ಲೇ ಇರುತ್ತದೆ. ಕಾರಿನ ಬಂಪರ್ ಹಿಡಿದು ಅದರ ಹಿಂದೆ ತೇಲುತ್ತಾ ಹೋಗುವ ಕಿಡಿಗೇಡಿತನ ಈ ಸರಣಿಗೆ ಬಂದದ್ದೂ ಆಗಲೇ. ಮೂರನೇ ಭಾಗ ಅಂಕಕ್ಕಾಗಿ ಆಡುವ ಪಂದ್ಯವಾಗಿದ್ದರೆ ನಾಲ್ಕನೆಯದು ಅಲೆದಾಡುವ ಊರಾಗಿತ್ತು.

ಈಗಿನ ರೀಮೇಕಿನಲ್ಲಿ ಆ ಊರಿಗೆ ಬೀಗ ಬಿದ್ದಿದೆ. ನಾಲ್ಕನೇ ಭಾಗದ ಜಾಗಗಳು ಬಂದಿವೆ, ಅದರ ಆಟ ಬಂದಿಲ್ಲ. ಕೆಲಸ ಹೇಳುವ ಜನರನ್ನು ತೆಗೆದು ಮತ್ತದೇ ಎರಡು ನಿಮಿಷ, ಅದೇ ಅಕ್ಷರಗಳು, ಅದೇ ಬಚ್ಚಿಟ್ಟ ಟೇಪು ಇಟ್ಟಿದ್ದಾರೆ. ಮೃಗಾಲಯ ಈಗ ತೀರ್ಪುಗಾರರು ಅಂಕ ಕೊಡುವ ಸ್ಪರ್ಧೆಯ ಅಂಗಳ. ಕಾರ್ನಿವಲ್ ಮತ್ತು ಶಿಕಾಗೊ ಎಂಬ ಎರಡು ಜಾಗಗಳು ಬರಲೇ ಇಲ್ಲ. ಬದಲಿಗೆ ಮೂರು ಹೊಸ ಜಾಗಗಳನ್ನು ಸೇರಿಸಿದ್ದಾರೆ. ಅದರಲ್ಲಿ ನೀರಿಲ್ಲದ ವಾಟರ್‌ಪಾರ್ಕ್ ನಿಜಕ್ಕೂ ಸೊಗಸಾಗಿದೆ, ಅದನ್ನು ಹೇಳದೆ ಹೋದರೆ ಅನ್ಯಾಯ. ಪ್ರಶ್ನೆ ಸೊಗಸಿನದಲ್ಲ. 50 ಡಾಲರಿನ ಪೆಟ್ಟಿಗೆಯ ಮೇಲೆ ಅಚ್ಚಾದ ‘4’ ಎಂಬ ಅಂಕಿ ಯಾವ ಆಟವನ್ನು ಸೂಚಿಸುತ್ತದೆ ಎಂಬುದು.

ಸಮರ್ಥಕರ ಮಾತುಗಳನ್ನು ಒಂದೊಂದಾಗಿ ನೋಡೋಣ. ಎರಡು ಆಟ ಒಂದೇ ಪೊಟ್ಟಣದಲ್ಲಿರುವಾಗ ಎರಡೂ ಒಂದೇ ಥರ ಇರಬೇಕು ಎನ್ನುವುದು ಮೊದಲನೆಯದು. ಏಕೆ ಇರಬೇಕು? ಬೇರೆ ಬೇರೆ ಇದ್ದವು ಎಂಬ ಕಾರಣಕ್ಕೇ ಅಲ್ಲವೆ ಅವುಗಳಿಗೆ ಬೇರೆ ಬೇರೆ ಸಂಖ್ಯೆ? 2002ರ ಕೆಲಸಗಳು ಹಳೆಯ ಕಾಲದವು, ಹೋಗು ತಗೊಂಡು ಬಾ ಎನ್ನುವಂಥವು, ಇಂದು ಬೇಸರ ತರಿಸುತ್ತವೆ ಎನ್ನುವುದು ಎರಡನೆಯದು. ಇದರಲ್ಲಿ ಹುರುಳಿದೆ. ಕೆಲವು ಕೆಲಸಗಳು ಆಗಲೂ ಬೇಸರವೇ ತರಿಸಿದ್ದವು. ಹಾಗಾದರೆ ಬೇಸರದವನ್ನು ತೆಗೆದು ಹೊಸದನ್ನು ಬರೆಯಬೇಕಿತ್ತು. ಬರೆಯುವುದು ಕಷ್ಟ, ಗಡಿಯಾರ ಇಡುವುದು ಅಗ್ಗ. ಮೂರನೆಯ ಸಮರ್ಥನೆ ಬಂದದ್ದು ಅಭಿಮಾನಿಗಳು ಕೂಗೆಬ್ಬಿಸಿದ ಮೇಲೆ: ಬೇಕಿದ್ದರೆ ಸೆಟ್ಟಿಂಗ್ಸ್‌ಗೆ ಹೋಗಿ ಸಮಯವನ್ನು ಒಂದು ಗಂಟೆಯವರೆಗೆ ಹಿಗ್ಗಿಸಿಕೊಳ್ಳಿ. ಇದನ್ನು ಉದಾರತೆ ಎಂದು ಹೊಗಳಿದವರೂ ಉಂಟು. ಎರಡು ನಿಮಿಷಕ್ಕೆಂದು ಜೋಡಿಸಿದ ಪಟ್ಟಿಯನ್ನು ಒಂದು ಗಂಟೆ ಆಡಿದರೆ ಸಿಗುವುದು ಉದ್ದನೆಯ ಮೂರನೇ ಭಾಗವೇ ಹೊರತು ನಾಲ್ಕನೆಯದಲ್ಲ. ಮಾತಾಡಿಸುವವರೇ ಇಲ್ಲದ ಜಾಗದಲ್ಲಿ ಒಂದು ಗಂಟೆ ಏನು ಮಾಡುವುದು?

ನಮ್ಮ ಕರಾವಳಿಯವರಿಗೆ ಈ ಜಗಳ ಹೊಸದಲ್ಲ. ಇಡೀ ರಾತ್ರಿಯ ಯಕ್ಷಗಾನವೋ ಕಾಲಮಿತಿಯ ಯಕ್ಷಗಾನವೋ ಎಂಬ ಚರ್ಚೆಯಲ್ಲಿ ನಾನು ಕಾಲಮಿತಿಯ ವಿರೋಧಿಯಲ್ಲ. ಬೆಳಿಗ್ಗೆ ಕೆಲಸಕ್ಕೆ ಹೋಗುವವರೂ ಆಟ ನೋಡಬೇಕು. ಅಲ್ಲಿ ಒಳ್ಳೆಯ ಭಾಗವತರು ಏನು ಮಾಡುತ್ತಾರೆಂದರೆ, ಪ್ರಸಂಗದ ಯಾವ ಪದ್ಯ ಬಿಡಬಹುದು, ಯಾವುದನ್ನು ಬಿಟ್ಟರೆ ಕತೆಯೇ ಕುಂಟುತ್ತದೆ ಎಂದು ಅಳೆದು ತೂಗುತ್ತಾರೆ. ತೂಗದೆ ಕತ್ತರಿಸಿದರೆ ಪ್ರೇಕ್ಷಕರು ಚೌಕಿಗೇ ಹೋಗಿ ಕೇಳುತ್ತಾರೆ. ನಾಲ್ಕನೇ ಭಾಗವನ್ನು ಕತ್ತರಿಸುವಾಗ ಹಾಗೆ ತೂಗಿದ ಗುರುತು ಎಲ್ಲೂ ಕಾಣುವುದಿಲ್ಲ, ಕೇಳಬೇಕಾದವರು ಚಪ್ಪಾಳೆ ತಟ್ಟಿದರು.

ಇನ್ನೂ ಒಂದು ಮಾತು. ಯಾರ ಹೆಸರಿನ ಮೇಲೆ ಈ ಸರಣಿ ನಿಂತಿದೆಯೋ ಆ ಟೋನಿ ಹಾಕ್ ಜಗತ್ತಿಗೆಲ್ಲ ಗೊತ್ತಾದದ್ದು 1999ರ ಜೂನ್ 27ರಂದು, ಸ್ಯಾನ್ ಫ್ರಾನ್ಸಿಸ್ಕೊದ ಎಕ್ಸ್ ಗೇಮ್ಸ್ ಕೂಟದಲ್ಲಿ. ಗಾಳಿಯಲ್ಲಿ ಎರಡೂವರೆ ಸುತ್ತು ತಿರುಗಿ ಇಳಿಯುವ ‘900’ ಎಂಬ ಕಸರತ್ತನ್ನು ಆತ ಮತ್ತೆ ಮತ್ತೆ ಪ್ರಯತ್ನಿಸಿ ಬಿದ್ದ. ಸ್ಪರ್ಧೆಯ ಸಮಯ ಮುಗಿದೇ ಹೋಯಿತು. ಸಂಘಟಕರು ತಡೆಯಲಿಲ್ಲ, ಜತೆಗಾರರು ಸುತ್ತ ನಿಂತು ಹುರಿದುಂಬಿಸಿದರು, ಸಮಯ ಮೀರಿದ ಮೇಲೆ ಆತ ಅದನ್ನು ಸಾಧಿಸಿದ. ಬೆಂಗಳೂರಿನ ಹೋಲಿಸ್ಟೋಕ್ಡ್ ಎಂಬ ಸ್ಕೇಟ್‌ಬೋರ್ಡ್ ಬಳಗದವರು ತಾವೇ ಸಿಮೆಂಟು ಕಲಸಿ ಕಟ್ಟಿದ ಇಳಿಜಾರುಗಳಲ್ಲಿ ಆಡುವ ಹುಡುಗ ಹುಡುಗಿಯರನ್ನು ನೋಡಿದರೂ ತಿಳಿಯುತ್ತದೆ: ಒಂದೇ ಮೆಟ್ಟಿಲು, ಒಂದೇ ಕಸರತ್ತು, ಇಡೀ ಸಂಜೆ. ಸ್ಕೇಟಿಂಗಿನ ಸ್ವಭಾವಕ್ಕೆ ಗಡಿಯಾರ ಹೊರಗಿನದು. ಈ ಸರಣಿಯಲ್ಲಿ ಅದನ್ನು ಮೊದಲು ಒಪ್ಪಿಕೊಂಡ ಗೇಮ್ ನಾಲ್ಕನೇ ಭಾಗ. ಈ ಸರಣಿಯನ್ನು ಬಲ್ಲೆ ಎನ್ನುವ ವಿಮರ್ಶಕನಿಗೆ ಇಷ್ಟು ಹೊಳೆಯಬೇಡವೇ?

ಇದೇ ವಿಮರ್ಶಕ ಕುಲ ಇದಕ್ಕೆ ಹತ್ತು ವರ್ಷ ಮೊದಲು ಸಿಂಹದಂತೆ ಗರ್ಜಿಸಿತ್ತು. 2015ರ ಸೆಪ್ಟೆಂಬರಿನಲ್ಲಿ ಐದನೇ ಭಾಗ ಬಂದಾಗ ಪ್ಲೇಸ್ಟೇಷನ್ 4ರಲ್ಲಿ ಅದಕ್ಕೆ ಸಿಕ್ಕ ಸರಾಸರಿ 32. ಯೋಗ್ಯವಾದ ಶಿಕ್ಷೆಯೇ. ಡಿಸ್ಕಿನಲ್ಲಿದ್ದದ್ದು 4.6 ಜಿಬಿ, ಬಿಡುಗಡೆಯ ದಿನವೇ ಇಳಿಸಿಕೊಳ್ಳಬೇಕಾದ ಪ್ಯಾಚ್ 7.7 ಜಿಬಿ. ಸ್ಕೇಟರ್ ಗೋಡೆಯೊಳಗೆ ತೂರುತ್ತಿದ್ದ, ನೆಲದೊಳಗೆ ಹೂತುಹೋಗುತ್ತಿದ್ದ. ಬಿಡುಗಡೆಗೆ ಎರಡು ತಿಂಗಳಿರುವಾಗ ಚಿತ್ರಶೈಲಿಯನ್ನೇ ಬದಲಿಸಿದ್ದರು. ಹಾಕ್ ಜತೆಗಿನ ಆಕ್ಟಿವಿಷನ್ ಒಪ್ಪಂದ ಆ ವರ್ಷದ ಕೊನೆಗೆ ಮುಗಿಯಲಿತ್ತು, ಅಷ್ಟರೊಳಗೆ ಏನನ್ನಾದರೂ ಅಂಗಡಿಗೆ ತಲುಪಿಸಬೇಕಿತ್ತು. ಬೈಗುಳವೆಲ್ಲ ಹೆಚ್ಚಾಗಿ ರೋಬೋಮೋಡೊ ಎಂಬ ಸಣ್ಣ ಸ್ಟುಡಿಯೊದ ತಲೆಗೆ ಬಿತ್ತು. ಮುಂದೆ ಅದು ಬಾಗಿಲು ಹಾಕಿತು. ಗಡುವು ಹಾಕಿದವರಿಗೆ ಏನೂ ಆಗಲಿಲ್ಲ. ಅದು ಬೇರೆ ಕತೆ.

ಈ ಎರಡು ತೀರ್ಪುಗಳನ್ನು ಅಕ್ಕಪಕ್ಕ ಇಟ್ಟರೆ ವಿಮರ್ಶಕರ ಕೈಯಲ್ಲಿರುವ ಸಲಕರಣೆ ಎಂಥದ್ದೆಂದು ಗೊತ್ತಾಗುತ್ತದೆ. ಅದು ಒಡಕನ್ನು ಹಿಡಿಯುತ್ತದೆ, ಕೊರತೆಯನ್ನು ಹಿಡಿಯುವುದಿಲ್ಲ. ಸ್ಕೇಟರ್ ಗೋಡೆಯೊಳಗೆ ಸಿಕ್ಕಿಕೊಂಡರೆ ಯಾರಿಗಾದರೂ ಕಾಣುತ್ತದೆ, ವಿಡಿಯೊ ಮಾಡಿ ನಗಬಹುದು. ಇರಬೇಕಾದ ಒಬ್ಬ ಮನುಷ್ಯ ಕಾಲೇಜಿನ ಮೆಟ್ಟಿಲ ಬಳಿ ಇಲ್ಲ ಎಂಬುದನ್ನು ವಿಡಿಯೊ ಮಾಡಲು ಬರುವುದಿಲ್ಲ. ಅದನ್ನು ಕಾಣಲು ಹಳೆಯದನ್ನು ಹೊರತೆಗೆದು ಮತ್ತೊಮ್ಮೆ ಆಡಬೇಕು. ಬಿಡುಗಡೆಗೆ ಕೆಲವೇ ದಿನ ಮೊದಲು ಕಂಪನಿ ಕಳಿಸುವ ಕೋಡ್, ಇಂಥ ದಿನ ಇಂಥ ಗಂಟೆಗೆ ಮುಂಚೆ ಪ್ರಕಟಿಸಬಾರದೆಂಬ ಕರಾರು, ಎಲ್ಲರಿಗಿಂತ ಮೊದಲು ಓದುಗರನ್ನು ತಲುಪುವ ಆತುರ: ಇವುಗಳ ನಡುವೆ ಇಪ್ಪತ್ತಮೂರು ವರ್ಷ ಹಳೆಯ ಡಿಸ್ಕನ್ನು ಹುಡುಕಿ ಹೊರಡುವ ವ್ಯವಧಾನ ಎಷ್ಟು ಜನರಿಗೆ? ಹಾಗಾಗಿ ಹೋಲಿಕೆಗೆ ಸಿಕ್ಕಿದ್ದು ಪಕ್ಕದಲ್ಲೇ ಇದ್ದ 2020ರ 1+2 ರೀಮೇಕ್. ವಿಕಾರಿಯಸ್ ವಿಷನ್ಸ್ ಮಾಡಿದ್ದ ಆ ರೀಮೇಕ್ ನಿಜಕ್ಕೂ ಅಪರೂಪದ ಕೆಲಸ. ಅದರಂತೆಯೇ ಇದೆಯೇ? ಇದೆ. ಹಾಗಿದ್ದರೆ ಒಂಬತ್ತು. ವಿದ್ಯಾರ್ಥಿಯ ಉತ್ತರ ಪತ್ರಿಕೆಯನ್ನು ಅವನ ಅಣ್ಣನ ಉತ್ತರ ಪತ್ರಿಕೆಗೆ ಹೋಲಿಸಿ ತಿದ್ದಿದಂತಾಯಿತು.

ವಿಕಾರಿಯಸ್ ವಿಷನ್ಸ್‌ನವರೇ 3+4 ಮಾಡಬೇಕೆಂದು ಯೋಜನೆ ಇತ್ತು. 2021ರಲ್ಲಿ ಆ ಸ್ಟುಡಿಯೊವನ್ನು ಬ್ಲಿಝಾರ್ಡ್ ಕಂಪನಿಯೊಳಗೆ ಸೇರಿಸಿಕೊಂಡ ಮೇಲೆ ಯೋಜನೆ ಬಿದ್ದುಹೋಯಿತು ಎಂದು ಮರುವರ್ಷ ಹಾಕ್ ಅವರೇ ಹೇಳಿದ್ದರು. ಆ ಸ್ಟುಡಿಯೊದ ಕೈಯಲ್ಲಿ ನಾಲ್ಕನೇ ಭಾಗ ಹೇಗಾಗುತ್ತಿತ್ತು ಎಂದು ಊಹಿಸುತ್ತಾ ಕೂರುವುದರಲ್ಲಿ ಅರ್ಥವಿಲ್ಲ.

ಅಭಿಮಾನಿಗಳ ಸಿಟ್ಟಿನ ಬಗ್ಗೆಯೂ ನನಗೆ ಪೂರ್ತಿ ಸಹಮತವಿಲ್ಲ. ಅವರಲ್ಲಿ ಹಲವರು ಗಡಿಯಾರಕ್ಕಿಂತ ಹೆಚ್ಚು ಕೂಗಾಡಿದ್ದು ಹಾಡುಗಳ ಬಗ್ಗೆ. ಹಳೆಯ ಎರಡು ಗೇಮುಗಳ ಹಾಡುಗಳಲ್ಲಿ ಹತ್ತನ್ನು ಮಾತ್ರ ಉಳಿಸಿಕೊಂಡು ಉಳಿದದ್ದನ್ನೆಲ್ಲ ಹೊಸದಾಗಿ ಆರಿಸಿದ್ದಾರೆ. ಹೊಸ ಹಾಡುಗಳು ಕಿವಿಗೆ ಬೀಳಲಿ ಎಂಬುದೇ ತನ್ನ ಉದ್ದೇಶ ಎಂದು ಹಾಕ್ ವಿವರಿಸಿದರು. ಇಲ್ಲಿ ನಾನು ಹಾಕ್ ಪಕ್ಷ. 1999ರಲ್ಲಿ ಸರಣಿಯ ಮೊದಲ ಗೇಮ್ ಮಾಡಿದ್ದೂ ಅದನ್ನೇ: ರೇಡಿಯೊದಲ್ಲಿ ಬಾರದ ಪಂಕ್ ತಂಡಗಳನ್ನು ಊರು ಕೇರಿಯ ಮಕ್ಕಳಿಗೆ ಕೇಳಿಸಿತು. ಪಟ್ಟಿಯನ್ನು ಬದಲಿಸುವುದೇ ಆ ಪಟ್ಟಿಗೆ ನಿಷ್ಠೆ. ಹಾಡು ಬದಲಾದರೆ ಹಳೆಯ ಹಾಡನ್ನು ಬೇರೆಡೆ ಕೇಳಬಹುದು. ಆಟ ಬದಲಾದರೆ ಹಳೆಯ ಆಟವನ್ನು ಎಲ್ಲಿ ಆಡುವುದು?

ಈ ಪ್ರಶ್ನೆ ಅಲಂಕಾರದ್ದಲ್ಲ. 2002ರ ನಾಲ್ಕನೇ ಭಾಗ ಇಂದು ಯಾವ ಡಿಜಿಟಲ್ ಅಂಗಡಿಯಲ್ಲೂ ಮಾರಾಟಕ್ಕಿಲ್ಲ. ಹಾಡುಗಳ ಪರವಾನಗಿ, ಬ್ರ್ಯಾಂಡುಗಳ ಪರವಾನಗಿ, ಆಟಗಾರರ ಹೆಸರಿನ ಪರವಾನಗಿ, ಇಷ್ಟನ್ನೂ ನವೀಕರಿಸಿ ಯಾರೂ ಅದನ್ನು ಮತ್ತೆ ಮಾರುವುದಿಲ್ಲ. ಹಳೆಯ ಕನ್ಸೋಲ್, ಹಳೆಯ ಡಿಸ್ಕ್ ಕಾಪಾಡಿಕೊಂಡವರಿಗೆ ಮಾತ್ರ ಅದು ಉಳಿದಿದೆ. ಆ ಕಾಲದಲ್ಲಿ ಬೆಂಗಳೂರಿನ ಗಾಂಧಿನಗರದ ಅಂಗಡಿ ಸಾಲುಗಳಲ್ಲಿ ಕೊಂಡ ನಕಲಿ ಸಿಡಿ ಯಾರ ಅಟ್ಟದ ಮೇಲಾದರೂ ಇದ್ದರೆ, ಕಾನೂನು ಏನೇ ಹೇಳಲಿ, ಆ ಮನೆಯವರು ಕಂಪನಿಗಿಂತ ಚೆನ್ನಾಗಿ ಅದನ್ನು ಕಾಪಾಡಿದ್ದಾರೆ. ಉಳಿದವರಿಗೆ ರೀಮೇಕೇ ಮೂಲ. ಇಂದು ಹದಿನಾರರ ಹುಡುಗಿಯೊಬ್ಬಳು ಗೇಮ್ ಪಾಸ್ ಎಂಬ ಚಂದಾ ಸೇವೆಯಲ್ಲಿ ಇದನ್ನು ಆಡಿದರೆ, ನಾಲ್ಕನೇ ಭಾಗ ಎಂದರೆ ಮೂರನೆಯದಕ್ಕೆ ಸೇರಿಸಿದ ಇನ್ನೊಂದಷ್ಟು ಜಾಗಗಳು ಎಂದೇ ತಿಳಿಯುತ್ತಾಳೆ. ಹಾಗಲ್ಲ ಎಂದು ಅವಳಿಗೆ ಹೇಳಬೇಕಾದ ಕೆಲಸ ಯಾರದು? ಕೊಳ್ಳಬಹುದೇ ಬೇಡವೇ ಎಂದು ಹೇಳಲು ನೂರು ಜನ ಇದ್ದಾರೆ.

ಗಡಿಯಾರ ತೆಗೆದ ಮಾತ್ರಕ್ಕೆ ಎಲ್ಲವೂ ಸರಿಹೋಗುತ್ತದೆಂದು ನಾನು ವಾದಿಸುತ್ತಿಲ್ಲ. 2025ರ ಸೆಪ್ಟೆಂಬರಿನಲ್ಲಿ ಎಲೆಕ್ಟ್ರಾನಿಕ್ ಆರ್ಟ್ಸ್‌ನ ‘ಸ್ಕೇಟ್’ ಅರ್ಲಿ ಆ್ಯಕ್ಸೆಸ್ ರೂಪದಲ್ಲಿ ಹೊರಬಂತು. ಆ ಸರಣಿಯ 2010ರ ಮೂರನೇ ಭಾಗದ ಮೇಲೆ ಹದಿನೈದು ವರ್ಷ ಕಾದವರಿಗೆ ಸಿಕ್ಕಿದ್ದು ಇಂಟರ್ನೆಟ್ ಇಲ್ಲದೆ ತೆರೆಯದ ಉಚಿತ ಆಟ, ಬಟ್ಟೆಬರೆ ಮಾರುವ ಅಂಗಡಿ, ಬೆನ್ನು ತಟ್ಟುತ್ತಲೇ ಇರುವ ಮಾತುಗಳು. ಬೇಕಾದಷ್ಟು ಸಮಯವಿದೆ, ಮಾಡಲು ಹೆಚ್ಚೇನಿಲ್ಲ. ಅಲ್ಲಿ ಆಟಗಾರರೇ ಮುಂದಾಗಿ ಖಾರವಾಗಿ ಬರೆದರು. ಪತ್ರಿಕೆಗಳವರು ಬಹಳಷ್ಟು ಮಂದಿ, ಇನ್ನೂ ಮುಗಿಯದ ಆಟ ಎಂಬ ನೆಪದಲ್ಲಿ ಅಂಕವನ್ನು ಜೇಬಿನಲ್ಲೇ ಇಟ್ಟುಕೊಂಡರು. ಬಟ್ಟೆ ಮಾರುವ ಅಂಗಡಿ ಮಾತ್ರ ಮೊದಲ ದಿನವೇ ಮುಗಿದು ಸಿದ್ಧವಾಗಿತ್ತು.

ಈಗ ಅಭಿಮಾನಿಗಳ ಬಾಯಲ್ಲಿ ಮುಂದಿನ ಹೆಸರು ‘ಅಂಡರ್‌ಗ್ರೌಂಡ್’, 2003ರದ್ದು. ಬೋರ್ಡಿನಿಂದ ಇಳಿದು ನಡೆಯಬಹುದಾಗಿದ್ದ, ನ್ಯೂಜೆರ್ಸಿಯ ಒಬ್ಬ ಅನಾಮಿಕ ಸ್ಕೇಟರ್ ಮೇಲೇರುವ ಕತೆ ಹೇಳಿದ್ದ ಗೇಮ್ ಅದು. ಹವಾಯಿಯಲ್ಲಿ ಹೆಲಿಕಾಪ್ಟರ್ ದಾಟಿ ಹಾರಿದ ಆ ಕ್ಷಣ, ಅದರ ಶ್ರೇಯಸ್ಸನ್ನು ಕದ್ದ ಗೆಳೆಯ ಎರಿಕ್ ಸ್ಪ್ಯಾರೋನ ದ್ರೋಹ, ಇವನ್ನು ಆಡಿದವರು ಇಂದಿಗೂ ಅವನ ಹೆಸರೆತ್ತಿದರೆ ಹಲ್ಲು ಕಡಿಯುತ್ತಾರೆ. ಆ ಆಟ ರೀಮೇಕ್ ಆಗುವ ದಿನ ಬಂದರೆ ಅದಕ್ಕೂ ಎರಡು ನಿಮಿಷವೇ ಸಾಕು ಎಂದು ಯಾರೋ ಒಬ್ಬರು ಸಭೆಯಲ್ಲಿ ಹೇಳುತ್ತಾರೆ; 3+4ಕ್ಕೆ ಸಿಕ್ಕ ಒಂಬತ್ತುಗಳನ್ನೇ ಅದಕ್ಕೆ ಪುರಾವೆಯಾಗಿ ತೋರಿಸುತ್ತಾರೆ.